ಫ್ರೆಂಚ್ ಕ್ರಿಯಾಪದ ನನ್ನ ಕಿವಿಗೆ ಕೂತದ್ದು

ಪಿಯುಸಿಯಲ್ಲಿ ನಾನು ಎರಡನೇ ಭಾಷೆಯಾಗಿ ಫ್ರೆಂಚ್ ತಗೊಂಡೆ. ಅಂಕ ಚೆನ್ನಾಗಿಯೇ ಬಂತು. ಆದರೆ ಜೋರಾಗಿ ಓದು ಅಂದರೆ ತಡವರಿಸುತ್ತಿದ್ದೆ. ಕ್ರಿಯಾಪದ ಬಂದಾಗ ಇನ್ನೂ ಜಾಸ್ತಿ. 'ಅವರು ಮಾತಾಡುತ್ತಾರೆ' ಅನ್ನೋದಕ್ಕೆ ಪಿ, ಎ, ಆರ್, ಎಲ್, ಇ, ಎನ್, ಟಿ ಅಂತ ಏಳು ಅಕ್ಷರ ಬರೆಯಬೇಕು. ನಾನು 'ಪರ್‌-ಲೆಂಟ್' ಅಂತ ಓದುತ್ತಿದ್ದೆ. ಅದು ಬರೀ 'ಪರ್ಲ್'. ಒಂದೇ ತುಂಡು.

ಕೆಲವು ವರ್ಷದ ಮೇಲೆ ಮತ್ತೆ ಕಲಿಯಲು ಕೂತಾಗ ಒಂದು ಕ್ರಮ ಹಿಡಿದೆ. ನೋಟ್‌ಬುಕ್‌ನಲ್ಲಿ ಮೇಲಿನ ಸಾಲಿಗೆ ಫ್ರೆಂಚ್ ಕಾಗುಣಿತ. ಕೆಳಗಿನ ಸಾಲಿಗೆ ಕಿವಿಗೆ ಕೇಳಿದ್ದು, ಕನ್ನಡ ಲಿಪಿಯಲ್ಲಿ, ಮೇಜು ತಟ್ಟುತ್ತಾ ತುಂಡು ಮಾಡಿ. ನಾನು, ನೀನು, ಅವನು, ಅವರು ನಾಲ್ಕಕ್ಕೂ 'ಪರ್ಲ್' ಬಂತು. ನಾವು ಅಂದರೆ 'ಪರ್‌-ಲೋಂ', ನೀವು ಅಂದರೆ 'ಪರ್‌-ಲೇ'. ಕಾಗದದ ಮೇಲೆ ಐದು ರೂಪ, ಕಿವಿಗೆ ಮೂರೇ! 'ಲೋಂ' ಅನ್ನುವಾಗ ಮಾತ್ರ ತುಟಿ ಮುಚ್ಚಬಾರದು, ಸ್ವರ ಮೂಗಿನಲ್ಲೇ ನಿಲ್ಲಬೇಕು.

ಜಾಸ್ತಿ ಕಾಡಿದ್ದು ನಮ್ಮ ಉಕಾರ. ಬಸ್ಸು, ಕಾರು ಅಂದು ರೂಢಿಯಾದ ಬಾಯಿ 'ಪರ್ಲು' ಅಂತಲೇ ಮುಗಿಸುತ್ತಿತ್ತು. ಒಂದು ತುಂಡಿನ ಪದ ಎರಡಾಗುತ್ತಿತ್ತು. ಇದನ್ನು ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕಾಯಿತು.

ಆ ಕೊನೆಯ ಇ-ಎನ್‌-ಟಿ ಮಾತಾಡುವುದಿಲ್ಲ, ಆದರೆ ಸುಮ್ನೆ ಕೂತಿಲ್ಲ. ಹಿಂದಿನ ವ್ಯಂಜನವನ್ನು ಎಬ್ಬಿಸುತ್ತದೆ. ಅವನು ಮುಗಿಸುತ್ತಾನೆ: 'ಫಿ-ನಿ'. ಅವರು ಮುಗಿಸುತ್ತಾರೆ: 'ಫಿ-ನಿಸ್'. ಏಕವಚನವೋ ಬಹುವಚನವೋ ಎಂದು ಹೇಳುವುದು ಆ ಒಂದು 'ಸ್'.

'ಕೊಳ್ಳು' ಅನ್ನುವ ಪದದಲ್ಲಿ ಕಾಗುಣಿತದ ಗುಟ್ಟು ಸಿಕ್ಕಿತು. ನಾವು ಕೊಳ್ಳುತ್ತೇವೆ ಅಂದರೆ 'ಅಶ್‌-ತೋಂ', ಬರೆಯುವಾಗ ನಡುವೆ ಇರುವ 'ಇ' ಅಕ್ಷರ ಮಾತಿನಲ್ಲಿ ಬಿದ್ದೇ ಹೋಗುತ್ತದೆ. ನಾನು ಕೊಳ್ಳುತ್ತೇನೆ ಅನ್ನುವಾಗ ಕೊನೆಯ ಇ ಮೌನ, ಹಾಗಾಗಿ ನಡುವಿನದೇ ಕೊನೆಯ ಸ್ವರ: 'ಅ-ಶೆತ್'. ಅದಕ್ಕೇ ಅಲ್ಲಿ 'ಇ' ಮೇಲೆ ಓರೆಗೆರೆ. ಮೊದಲು ಇದನ್ನು ಸುಮ್ಮನೆ ಬಾಯಿಪಾಠ ಮಾಡಿದ್ದೆ.

ಪದಗಳು ಕೂಡಿಕೊಳ್ಳುವುದು ನಮಗೆ ಹೊಸದಲ್ಲ. ಊರು, ಅಲ್ಲಿ ಸೇರಿದರೆ 'ಊರಲ್ಲಿ' ಅಲ್ವಾ? ಹಾಗೇ 'ಇಲ್', 'ಎಮ್' ಸೇರಿ 'ಇ-ಲೆಮ್', ಅವನು ಪ್ರೀತಿಸುತ್ತಾನೆ. 'ಅವರು' ಆದರೆ 'ಇಲ್‌-ಜ಼ೆಮ್'. 'ಅವನ ಹತ್ತಿರ ಇದೆಯಾ' ಎಂದು ಕೇಳುವಾಗ ಎರಡು ಸ್ವರ ತಾಕದಂತೆ ನಡುವೆ ಒಂದು 'ತ' ಬರುತ್ತದೆ: 'ಅ-ತಿಲ್'. 'ಮನೆಯನ್ನು' ಅನ್ನುವಲ್ಲಿ ನಮ್ಮ ಯಕಾರ ಬಂದ ಹಾಗೆ.

ಈಗ ಯಾರಾದರೂ ಹೇಳಿಕೊಡಿ ಅಂದರೆ ಫ್ರೆಂಚರ ಒಂದು ಹಳೇ ವಾಕ್ಯ ಓದಿಸುತ್ತೇನೆ: ಕಾನ್ವೆಂಟಿನ ಕೋಳಿಗಳು ಕಾವು ಕೂತಿವೆ. ಅದರಲ್ಲಿ 'ಕಾನ್ವೆಂಟ್', 'ಕಾವು ಕೂತಿವೆ' ಎರಡಕ್ಕೂ ಕಾಗುಣಿತ ಒಂದೇ. ಮೊದಲನೆಯದು 'ಕು-ವಾಂ', ಎರಡನೆಯದು 'ಕುವ್'.