ವಾತಾವರಣದ ತಾಪಮಾನದ ಗ್ರಾಫ್ ಬಿಡಿಸುವುದು ಹೇಗೆ?

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಕ್ಕೆ ಆಗಾಗ ತೀರ್ಪುಗಾರನಾಗಿ ಹೋಗುತ್ತೇನೆ. ವಾತಾವರಣದ ಪದರಗಳ ಚಾರ್ಟ್ ಒಂದಾದರೂ ಇದ್ದೇ ಇರುತ್ತದೆ. ಒಬ್ಬರು ಮೇಲೆ ಹೋದಷ್ಟೂ ಚಳಿ ಅಂತ ಒಂದೇ ಓರೆ ಗೆರೆ ಎಳೆದಿರುತ್ತಾರೆ. ಇನ್ನೊಬ್ಬರು ಸೂರ್ಯನಿಗೆ ಹತ್ತಿರ ಆಗ್ತೀವಲ್ವಾ, ಅದಕ್ಕೇ ಬಿಸಿ ಅಂತ ಉಲ್ಟಾ ಎಳೆದಿರುತ್ತಾರೆ. ಸೂರ್ಯ ಇರುವುದು 15 ಕೋಟಿ ಕಿ.ಮೀ. ಆಚೆ. 50 ಕಿ.ಮೀ. ಮೇಲೇರಿದರೆ ಆ ಲೆಕ್ಕದಲ್ಲಿ ಒಂದು ಹೆಜ್ಜೆಯೂ ಅಲ್ಲ. ಬಿಸಿಲನ್ನು ಎಲ್ಲಿ, ಯಾವುದು ಹೀರಿಕೊಳ್ಳುತ್ತದೆ ಅನ್ನುವುದನ್ನು ಹಿಡಿದುಕೊಂಡರೆ ಗೆರೆ ತಾನಾಗಿ ಸರಿಯಾಗುತ್ತದೆ.

ಹಂತ 1: ಗ್ರಾಫ್ ಹಾಳೆ ತಗೊಳ್ಳಿ. ಎತ್ತರ ಲಂಬಕ್ಕೆ, 1 ಸೆಂ.ಮೀ.ಗೆ 5 ಕಿ.ಮೀ. ತಾಪಮಾನ ಅಡ್ಡಕ್ಕೆ, 1 ಸೆಂ.ಮೀ.ಗೆ 10 ಡಿಗ್ರಿ ಸೆಲ್ಸಿಯಸ್, ಮೈನಸ್ 100ರಿಂದ 40ರವರೆಗೆ. ಎತ್ತರ 100 ಕಿ.ಮೀ. ಸಾಕು. ಅಂಗಡಿಯಲ್ಲಿ ಸಿಗುವ ಬಣ್ಣದ ರೆಡಿಮೇಡ್ ಚಾರ್ಟ್ ಮಾತ್ರ ಬೇಡ. ನಾನು ನೋಡಿದ ಅಂಥವುಗಳಲ್ಲಿ ವಿಮಾನ, ಬಲೂನು, ಉಲ್ಕೆ ಎಲ್ಲ ಚೆನ್ನಾಗಿರುತ್ತವೆ, ಆದರೆ ಪದರಗಳೆಲ್ಲ ಒಂದೇ ದಪ್ಪ, ಅಳತೆಯೇ ಇಲ್ಲ. ದುಡ್ಡು ದಂಡ.

ಹಂತ 2: ಪರಿವರ್ತನ ಮಂಡಲ, ಅಂದರೆ ನೆಲಕ್ಕೆ ಅಂಟಿಕೊಂಡ ಮೊದಲ ಪದರ. ಇಲ್ಲಿ ಒಲೆ ಅಂದರೆ ನೆಲ. ಬಿಸಿಲಿಗೆ ನೆಲ ಕಾಯುತ್ತದೆ, ಗಾಳಿ ಕೆಳಗಿನಿಂದ ಬಿಸಿಯಾಗುತ್ತದೆ, ಮೇಲೇರಿದ ಗಾಳಿ ಹಿಗ್ಗಿ ತಣ್ಣಗಾಗುತ್ತದೆ. ಸರಾಸರಿ ಕಿಲೋಮೀಟರಿಗೆ 6.5 ಡಿಗ್ರಿ ಇಳಿಕೆ. ಸಮುದ್ರಮಟ್ಟದಲ್ಲಿ 27 ಡಿಗ್ರಿ ಇಟ್ಟು ಶುರುಮಾಡಿ. ಎರಡನೇ ಚುಕ್ಕೆ 16.5 ಕಿ.ಮೀ.ನಲ್ಲಿ, ಮೈನಸ್ 80. ಪುಸ್ತಕದಲ್ಲಿ 11 ಕಿ.ಮೀ., ಮೈನಸ್ 56 ಅಂತ ಇದೆಯಲ್ಲ ಅಂತೀರಾ? ಅದು ಯುರೋಪು, ಅಮೆರಿಕದಂಥ ಕಡೆಗೆ ಹೊಂದುವ ಲೆಕ್ಕ. ನಮ್ಮಂಥ ಉಷ್ಣವಲಯದಲ್ಲಿ ಈ ಪದರ 16-17 ಕಿ.ಮೀ.ವರೆಗೆ ಹೋಗುತ್ತದೆ, ಇಳಿಯುವುದಕ್ಕೆ ಜಾಗ ಜಾಸ್ತಿ. ಹಾಗಾಗಿ ಈ ಪದರದ ತುದಿ ಧ್ರುವಗಳ ಮೇಲಿಗಿಂತ ನಮ್ಮ ತಲೆ ಮೇಲೇ ಹೆಚ್ಚು ತಣ್ಣಗಿರುತ್ತದೆ. ಕರ್ನಾಟಕದಲ್ಲಿ ಕೂತು ಬಿಡಿಸುವವರು ನಮ್ಮ ಲೆಕ್ಕವನ್ನೇ ಹಾಕಿ.

ಹಂತ 3: ಎಲ್ಲರೂ ಎಡವುವುದು ಇಲ್ಲೇ, ನಿಧಾನ ಮಾಡಿ. ಮುಂದಿನ ಪದರದ ಹೆಸರು ಸಮೋಷ್ಣ ಮಂಡಲ. ಸಮ ಉಷ್ಣ ಅಂದರೆ ಒಂದೇ ತಾಪಮಾನ ಅಂತ ಹೆಸರು ನೋಡಿ ಮಕ್ಕಳು ನೆಟ್ಟಗೆ ಮೇಲಕ್ಕೆ ಗೆರೆ ಎಳೆದುಬಿಡುತ್ತಾರೆ, ಪಾಪ, ತಪ್ಪು ಅವರದ್ದಲ್ಲ. ಫ್ರಾನ್ಸಿನ ತೆಸ್ಸರಾಂ ದ ಬೋರ್ ಅನ್ನುವವರು ಬಲೂನಿಗೆ ಥರ್ಮಾಮೀಟರ್ ಕಟ್ಟಿ ಹಾರಿಸಿದಾಗ ಸುಮಾರು 11 ಕಿ.ಮೀ. ಆದ ಮೇಲೆ ತಾಪಮಾನ ಇಳಿಯುವುದೇ ನಿಂತಿತ್ತು. ಬಿಸಿಲು ಬಿದ್ದು ಉಪಕರಣ ಸುಳ್ಳು ಹೇಳುತ್ತಿರಬಹುದು ಅಂತ ಅವರು ರಾತ್ರಿಯೂ ಬಲೂನು ಬಿಟ್ಟರು. ಆಗಲೂ ಅದೇ ಕಥೆ. 1902ರಲ್ಲಿ ಇದನ್ನು ಪ್ರಕಟಿಸಿದರು. ಅವರ ಬಲೂನು ಮುಟ್ಟಿದ್ದು ಆ ಪದರದ ಕೆಳಭಾಗ ಮಾತ್ರ, ಅಲ್ಲಿ ತಾಪಮಾನ ಹೆಚ್ಚುಕಡಿಮೆ ಒಂದೇ. ಇನ್ನೂ ಮೇಲೆ ಅದು ಏರುತ್ತದೆ.

ಏಕೆಂದರೆ ಅಲ್ಲಿ ಎರಡನೇ ಒಲೆ ಇದೆ, ಓಝೋನ್. ಅದು ನೇರಳಾತೀತ ಕಿರಣಗಳನ್ನು ಹೀರಿ ಗಾಳಿಯನ್ನು ಕಾಯಿಸುತ್ತದೆ. ಓಝೋನ್ ಜಾಸ್ತಿ ಇರುವುದು 20-25 ಕಿ.ಮೀ.ನಲ್ಲಿ ಅಂತ ಓದಿದ ಜಾಣರು ಗೆರೆಯ ತುದಿಯನ್ನು ಅಲ್ಲೇ ನಿಲ್ಲಿಸುತ್ತಾರೆ, ಅದೂ ತಪ್ಪು. ತುದಿ ಬರುವುದು 50 ಕಿ.ಮೀ. ಹತ್ತಿರ. ಅಲ್ಲಿ ಓಝೋನ್ ಕಡಿಮೆ, ನಿಜ. ಆದರೆ ಮೇಲಿನಿಂದ ಬರುವ ಕಿರಣ ಇನ್ನೂ ಸೋಸಿಹೋಗಿರುವುದಿಲ್ಲ, ಗಾಳಿಯೂ ತೀರಾ ತೆಳು, ಹಾಗಾಗಿ ಕಾಯಿಸಲು ಸ್ವಲ್ಪವೇ ಶಾಖ ಸಾಕು. ಒಂದು ಲೋಟ ನೀರು ಹಂಡೆ ನೀರಿಗಿಂತ ಬೇಗ ಕಾಯುವುದಿಲ್ವಾ, ಹಾಗೆ. ಚುಕ್ಕೆಗಳು: 20 ಕಿ.ಮೀ.ಗೆ ಸುಮಾರು ಮೈನಸ್ 65, 30ಕ್ಕೆ ಮೈನಸ್ 42, 50ಕ್ಕೆ ಸೊನ್ನೆಯ ಆಸುಪಾಸು. ಸ್ಕೇಲ್ ಇಟ್ಟು ಜೋಡಿಸಬೇಡಿ, ಕೈಯಲ್ಲೇ ಎಳೆಯಿರಿ, ತಿರುವು ಗುಂಡಗಿರಲಿ.

ಹಂತ 4: ಮಧ್ಯಂತರ ಮಂಡಲದಲ್ಲಿ ಒಲೆ ಇಲ್ಲ, ಮತ್ತೆ ಇಳಿಸಿ. 85-90 ಕಿ.ಮೀ.ಗೆ ಸುಮಾರು ಮೈನಸ್ 90.

ಹಂತ 5: ಅಲ್ಲಿಂದ ಮೇಲಕ್ಕೆ ಉಷ್ಣತಾ ಮಂಡಲ. ಬಲಕ್ಕೆ ಏರುವ ಒಂದು ಬಾಣ ಹಾಕಿ ಬಿಟ್ಟುಬಿಡಿ. ಸಾವಿರ ಡಿಗ್ರಿ ಮುಟ್ಟಿಸಲು ಹೋದರೆ ಹಾಳೆ ಬಾಗಿಲಾಚೆ ಹೋಗುತ್ತದೆ. ತೀರ್ಪುಗಾರರು ಇಲ್ಲಿ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ, ನಾನಂತೂ ಬಿಡಲ್ಲ: 400 ಕಿ.ಮೀ. ಎತ್ತರದಲ್ಲಿ ಸುತ್ತುವ ಬಾಹ್ಯಾಕಾಶ ನಿಲ್ದಾಣ ಕರಗುವುದಿಲ್ಲ ಏಕೆ? ದೀಪಾವಳಿಯ ಸುರುಸುರುಬತ್ತಿಯ ಕಿಡಿ ನೆನಪಿಸಿಕೊಳ್ಳಿ. ಕಿಡಿ ನೂರಾರು ಡಿಗ್ರಿ ಬಿಸಿಯಿದ್ದರೂ ತೀರಾ ಚಿಕ್ಕದು, ಅದರಲ್ಲಿರುವ ಶಾಖ ಅಷ್ಟಕ್ಕಷ್ಟೇ. ಅಲ್ಲಿಯೂ ಒಂದೊಂದು ಕಣ ಭಾರಿ ವೇಗದಲ್ಲಿ ಓಡುತ್ತಿರುತ್ತದೆ, ಆದರೆ ಕಣಗಳೇ ವಿರಳ.

ಹಂತ 6: ತಾಳೆ ನೋಡಿ. ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಹೋಗುವ ನೆಂಟರಿದ್ದರೆ, ಸೀಟಿನ ಪರದೆಯಲ್ಲಿ ಹೊರಗಿನ ತಾಪಮಾನ ಬಂದರೆ ಫೋಟೊ ತೆಗೆದು ಕಳಿಸಲು ಹೇಳಿ. 10.5 ಕಿ.ಮೀ.ಗೆ ನಿಮ್ಮ ಗೆರೆ ಮೈನಸ್ 41 ತೋರಿಸಬೇಕು. ನಾಲ್ಕೈದು ಡಿಗ್ರಿ ಆಚೀಚೆ ಆದರೆ ಅಳಿಸಬೇಡಿ. ಮೈನಸ್ 20 ಬಂದಿದ್ದರೆ ಮಾತ್ರ ಎರಡನೇ ಹಂತಕ್ಕೆ ವಾಪಸ್ ಹೋಗಿ. ಬಣ್ಣ ಹಚ್ಚುವುದು ಆಮೇಲೆ.