ಊರಿಗೆ ಸೋಲಾರ್ ಪಾರ್ಕ್ ಬರುತ್ತಿದೆಯಾ? ಸಹಿ ಹಾಕುವ ಮುಂಚೆ ಇಷ್ಟು ಮಾಡಿ

ತುಮಕೂರು ಜಿಲ್ಲೆ ಪಾವಗಡದ ತಿರುಮಣಿ ಕಡೆ ಹೋದವರಿಗೆ ಗೊತ್ತು, ಕಣ್ಣು ಹಾಯಿಸಿದಷ್ಟು ದೂರ ಬರೀ ಪ್ಯಾನೆಲ್. ಐದು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಪಾರ್ಕ್ ಇದೆ. ಜಮೀನು ಕೊಳ್ಳಲಿಲ್ಲ, 28 ವರ್ಷ ಗುತ್ತಿಗೆಗೆ ಪಡೆದರು. ಶುರುವಿನ ಬಾಡಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈ ಸುಟ್ಟುಕೊಳ್ಳುತ್ತಿದ್ದ ರೈತನಿಗೆ ಇದು ಒಳ್ಳೆಯದೇ, ಎರಡು ಮಾತಿಲ್ಲ. ಆದರೆ ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವರು, ಕಾಯಿ ಬಿಡಿಸುತ್ತಿದ್ದವರು? ಅವರಿಗೆ ಬಾಡಿಗೆ ಇಲ್ಲ, ಕೂಲಿಯೂ ಹೋಯಿತು.

ಹಾಗಾಗಿ ಮೊದಲ ಕೆಲಸ, ಪಹಣಿ ಪಕ್ಕಕ್ಕಿಟ್ಟು ಇನ್ನೊಂದು ಪಟ್ಟಿ ಮಾಡುವುದು. ಪಹಣಿಯಲ್ಲಿ ಹೆಸರಿಲ್ಲದೆ ಆ ಜಮೀನಿನಿಂದ ಊಟ ಮಾಡುತ್ತಿರುವವರು ಯಾರ್ಯಾರು? ಕೂಲಿಯವರು, ಕುರಿ ಕಾಯುವವರು, ಕೋರಿಗೆ (ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ ಬೇರೆಯವರ ಹೊಲ) ಮಾಡುವವರು, ಬಗರ್ ಹುಕುಂ (ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಿನಲ್ಲಿ) ಸಾಗುವಳಿ ಮಾಡಿ ಹಕ್ಕುಪತ್ರ ಇನ್ನೂ ಕೈಗೆ ಸಿಗದವರು, ಬಾಡಿಗೆಗೆ ಟ್ರ್ಯಾಕ್ಟರ್ ಓಡಿಸುವ ಹುಡುಗ. ಒಬ್ಬೊಬ್ಬರಿಗೆ ವರ್ಷಕ್ಕೆ ಎಷ್ಟು ದಿನ ಕೆಲಸ, ಎಷ್ಟು ದುಡ್ಡು ಅಂತ ಬರೆದುಕೊಳ್ಳಿ. ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿಯಲ್ಲಿ ಸೇರಿಸಿ. ಬಾಯಿಮಾತಿಗೆ ಬೆಲೆ ಇಲ್ಲ.

ಆಮೇಲೆ ಬಾಡಿಗೆ ಲೆಕ್ಕ. ಇಲ್ಲಿ ಸ್ವಲ್ಪ ಕೂತು ನೋಡಬೇಕು. ಪಾವಗಡದಲ್ಲಿ ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಆ ಲೆಕ್ಕದಲ್ಲಿ ಗುತ್ತಿಗೆಯ ಕೊನೆಗೆ ಎಕರೆಗೆ ಸುಮಾರು 39,600 ರೂಪಾಯಿ ಬರುತ್ತದೆ. ಪರವಾಗಿಲ್ಲ ಅನ್ನಿಸುತ್ತೆ ಅಲ್ವಾ? ಆದರೆ ಅಂಗಡಿ ಸಾಮಾನಿನ ಬೆಲೆ ಪ್ರತಿ ವರ್ಷ ಶೇ 5 ಏರಿದರೆ, ಆ ದುಡ್ಡಿನ ಬೆಲೆ ಮೊದಲ ವರ್ಷದ ಸುಮಾರು 10,600 ರೂಪಾಯಿಗೆ ಸಮ, ಅಂದರೆ ಶುರುವಿನಲ್ಲಿ ಸಿಕ್ಕಿದ್ದರಲ್ಲಿ ಅರ್ಧ ಚಿಲ್ಲರೆ ಮಾತ್ರ. ಏರಿಕೆ ಪ್ರತಿ ವರ್ಷ ಬೇಕು ಅಂತ ಕೇಳಿ. ಇನ್ನೊಂದು, ಶುರುವಿನ ದರದಲ್ಲಿ ಎರಡೆಕರೆಯವನಿಗೆ ವರ್ಷಕ್ಕೆ 42 ಸಾವಿರ, ಅಂದರೆ ತಿಂಗಳಿಗೆ 3,500. ಅದರಲ್ಲೇ ಸಂಸಾರ ನಡೆಯುತ್ತದೆ ಅಂತ ಯಾರಾದರೂ ಹೇಳಿದರೆ ಅವರಿಗೇ ಒಂದು ತಿಂಗಳು ಸಂಸಾರ ನಡೆಸಿ ತೋರಿಸಿ ಅನ್ನಿ.

ಕೆಲಸದ ವಿಷಯ. ಪಾರ್ಕ್ ಕಟ್ಟುವಾಗ ಜನ ಜಾಸ್ತಿ ಬೇಕು, ಮುಗಿದ ಮೇಲೆ ಹುಲ್ಲು ಕೀಳುವುದು, ಪ್ಯಾನೆಲ್ ತೊಳೆಯುವುದು, ಕಾವಲು, ಇಷ್ಟೇ. "ಸ್ಥಳೀಯರಿಗೆ ಆದ್ಯತೆ" ಅನ್ನುವ ಒಂದು ಸಾಲನ್ನು ನಂಬಬೇಡಿ. ಎಷ್ಟು ಜನ, ಎಷ್ಟು ವರ್ಷ, ಎಷ್ಟು ಸಂಬಳ, ಪಿಎಫ್ ಯಾರು ಕಟ್ಟುತ್ತಾರೆ, ಹೆಂಗಸರಿಗೆ ಎಷ್ಟು, ಎಲ್ಲಾ ಕರಾರಿನಲ್ಲಿ ಇರಲಿ. ಮೊದಲು ಮಾಡಿದ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ, ಹೊಲದ ಕೂಲಿ ಕಳೆದುಕೊಂಡ ಮನೆಯಿಂದಲೇ ಮೊದಲು ಕರೆಯಬೇಕು. ಸ್ಪೇನ್‌ನಲ್ಲಿ 2018ರಲ್ಲಿ ಕಲ್ಲಿದ್ದಲು ಗಣಿ ಮುಚ್ಚುವಾಗ ಸರ್ಕಾರ ಮತ್ತು ಕಾರ್ಮಿಕ ಸಂಘಗಳು ಕೂತು 25 ಕೋಟಿ ಯೂರೊ ಒಪ್ಪಂದ ಮಾಡಿಕೊಂಡವು: 48 ವರ್ಷ ದಾಟಿದವರಿಗೆ ಬೇಗ ನಿವೃತ್ತಿ, ಉಳಿದವರಿಗೆ ಬೇರೆ ಕೆಲಸದ ತರಬೇತಿ. ಅಲ್ಲಿ ಸಂಘ ಇತ್ತು, ಕೂತು ಮಾತಾಡಿತು. ನಮ್ಮ ಕಳೆ ಕೀಳುವ ಹೆಂಗಸರಿಗೆ ಸಂಘ ಎಲ್ಲಿದೆ? ಮಹಿಳಾ ಸ್ವಸಹಾಯ ಸಂಘ ಇದ್ದರೆ ಅದನ್ನೇ ಮುಂದೆ ಕೂರಿಸಿ.

ಕುರಿಗೆ ದಾರಿ ಬಿಡಿಸಿಕೊಳ್ಳುವುದನ್ನೂ ಮರೀಬೇಡಿ. ಬೇಲಿ ಬಿದ್ದ ಮೇಲೆ ಕೇಳಿದರೆ ಗೇಟಿನವನು ಒಳಗೆ ಬಿಡಲ್ಲ. ತೊಳೆಯುವ ನೀರು ಯಾವ ಬೋರ್‌ವೆಲ್‌ನಿಂದ ಬರುತ್ತದೆ ಅಂತಲೂ ಬರೆಸಿ.

ಕೊನೆಗೆ ಹೊಲದ ಗಡಿಯ ವಿಷಯ. ನೆಲ ಸಮ ಮಾಡಿದರೆ ಬದು ಹೋಗುತ್ತೆ, ಗಡಿ ಕಲ್ಲು ಹೋಗುತ್ತೆ. ಗುತ್ತಿಗೆ ಮುಗಿದ ಮೇಲೆ ಕಂಬ, ಕಾಂಕ್ರೀಟು ಕಿತ್ತು ಹೊಲ ಬಿಟ್ಟುಕೊಡುವ ಖರ್ಚು ಯಾರದ್ದು ಅಂತ ಈಗಲೇ ಬರೆಸಿಕೊಳ್ಳಿ. ಸರ್ವೆ ನಕ್ಷೆಯ ಪ್ರತಿ ತೆಗೆಸಿ, ನಾಲ್ಕೂ ಮೂಲೆ ಫೋಟೊ ಹೊಡೆದು, ಪಕ್ಕದ ಹೊಲದವನ ಸಹಿ ಹಾಕಿಸಿ ಟ್ರಂಕಿನಲ್ಲಿಡಿ. ಯಾವ ಟ್ರಂಕು ಅಂತ ಮಕ್ಕಳಿಗೂ ಹೇಳಿ.