ಸಂಪರ್ಕ ಪಟ್ಟಿಯನ್ನು ಅಕ್ಷರ, ಅಂಕಿ ಕೆಡದಂತೆ ಎಕ್ಸೆಲ್‌ಗೆ ತರುವ ಬಗೆ

ದಾವಣಗೆರೆಯ ಬೀಜ, ಗೊಬ್ಬರದ ಅಂಗಡಿಗಳಿಗೆ ಜಗಳೂರು, ಹರಿಹರ, ಚನ್ನಗಿರಿ ಕಡೆಯಿಂದ ಬರುವ ರೈತರ ಹೆಸರು, ಊರು, ಮೊಬೈಲ್ ನಂಬರುಗಳು ಈಗ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲೋ ಗೂಗಲ್ ಫಾರ್ಮಿನಲ್ಲೋ ಅಂಗಡಿಯ ಫೋನಿನಲ್ಲೋ ಸೇರುತ್ತಾ ಹೋಗುತ್ತವೆ. ಅವನ್ನು ಊರುವಾರು ವಿಂಗಡಿಸಬೇಕೆಂದರೆ ಎಲ್ಲವನ್ನೂ ಒಂದೇ ಹಾಳೆಗೆ ತರಬೇಕು. ಎಕ್ಸ್‌ಪೋರ್ಟ್ ಗುಂಡಿ ಒತ್ತುವುದು ಸುಲಭ. ಪಟ್ಟಿ ಕೆಡುವುದು ಆ ಕಡತವನ್ನು ತೆರೆಯುವಾಗ.

ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಎಕ್ಸ್‌ಪೋರ್ಟ್ ಒತ್ತಿದರೆ ಗೂಗಲ್ ಸಿಎಸ್‌ವಿ, ಔಟ್‌ಲುಕ್ ಸಿಎಸ್‌ವಿ, ವಿಕಾರ್ಡ್ ಎಂಬ ಮೂರು ಆಯ್ಕೆಗಳು ಕಾಣುತ್ತವೆ. ಸಿಎಸ್‌ವಿ ಎಂದರೆ ಒಂದೊಂದು ಕಾಲಮ್ಮಿನ ಮಾಹಿತಿಯನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಬರೆದ ಸಾದಾ ಪಠ್ಯದ ಕಡತ. ವಿಕಾರ್ಡ್ ಇರುವುದು ಫೋನಿನಿಂದ ಫೋನಿಗೆ ಸಾಗಿಸಲು. ಹಾಳೆಗೆ ಗೂಗಲ್ ಸಿಎಸ್‌ವಿಯನ್ನೇ ಆರಿಸಿಕೊಳ್ಳಿ. ಗೂಗಲ್ ಫಾರ್ಮ್‌ನ ಉತ್ತರಗಳನ್ನು ನೇರವಾಗಿ ಗೂಗಲ್ ಶೀಟ್‌ಗೆ ಜೋಡಿಸಬಹುದು. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಸಿಎಸ್‌ವಿ, ಎಕ್ಸೆಲ್ ಎರಡೂ ಇದ್ದರೆ ಎಕ್ಸೆಲ್ ಕಡತವೇ ಮೇಲು, ಏಕೆಂದರೆ ಕನ್ನಡ ಅಕ್ಷರಗಳ ತೊಂದರೆ ಅದರಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

ಸಿಎಸ್‌ವಿ ಕಡತದ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಹಾಗೆ ತೆರೆದಾಗ ಎಕ್ಸೆಲ್ ಪ್ರತಿಯೊಂದು ಅಂಕಿಯನ್ನೂ ಲೆಕ್ಕದ ಸಂಖ್ಯೆಯೆಂದು ಭಾವಿಸುವುದರಿಂದ, ದಾವಣಗೆರೆಯ ಎಸ್‌ಟಿಡಿ ಕೋಡ್ 08192 ತನ್ನ ಮೊದಲ ಸೊನ್ನೆಯನ್ನು ಕಳೆದುಕೊಂಡು 8192 ಆಗುತ್ತದೆ. 91 ಸೇರಿಸಿ ಬರೆದ ಹನ್ನೆರಡು ಅಂಕಿಯ ಮೊಬೈಲ್ ನಂಬರು 9.19ಇ+11 ಎಂಬಂತೆ ಕಾಣುತ್ತದೆ. ಹೀಗೆ ಕಾಣುತ್ತಿರುವಾಗಲೇ ಮತ್ತೆ ಸಿಎಸ್‌ವಿಯಾಗಿ ಉಳಿಸಿದರೆ ಪರದೆಯ ಮೇಲಿರುವ ರೂಪವೇ ಕಡತಕ್ಕೆ ಹೋಗುವುದರಿಂದ, ರೈತರ ನಿಜವಾದ ನಂಬರು ಆ ಕಡತದಿಂದ ಅಳಿಸಿಹೋಗುತ್ತದೆ. ಫೋನ್ ನಂಬರನ್ನು ಯಾರೂ ಕೂಡಿ ಕಳೆಯುವುದಿಲ್ಲ; ಅದು ಹಾಳೆಯಲ್ಲಿ ಪಠ್ಯವಾಗಿಯೇ ಇರಬೇಕು.

ಸರಿಯಾದ ಕ್ರಮ ಹೀಗಿದೆ. ಎಕ್ಸೆಲ್‌ನಲ್ಲಿ ಖಾಲಿ ಹಾಳೆ ತೆರೆದು, ಡೇಟಾ ವಿಭಾಗದ ಫ್ರಮ್ ಟೆಕ್ಸ್ಟ್/ಸಿಎಸ್‌ವಿ ಮೂಲಕ ಕಡತವನ್ನು ಆರಿಸಿ. ಮುನ್ನೋಟದ ಕಿಟಕಿಯಲ್ಲಿ ಫೈಲ್ ಒರಿಜಿನ್ ಎಂಬಲ್ಲಿ 65001 ಯೂನಿಕೋಡ್ ಯುಟಿಎಫ್-8 (ಕನ್ನಡದಂಥ ಲಿಪಿಗಳನ್ನೂ ಬರೆದಿಡಬಲ್ಲ ಅಕ್ಷರ ಸಂಕೇತ) ಎಂದು ಬದಲಿಸಿದ ಕೂಡಲೇ, ಗುರುತೇ ಸಿಗದಂತಿದ್ದ ಚಿಹ್ನೆಗಳು ಕನ್ನಡ ಹೆಸರುಗಳಾಗಿ ಮೂಡುತ್ತವೆ. ನಂತರ ಟ್ರಾನ್ಸ್‌ಫಾರ್ಮ್ ಡೇಟಾ ಒತ್ತಿ, ನಂಬರಿನ ಕಾಲಮ್ಮನ್ನು ಟೆಕ್ಸ್ಟ್ ಎಂದು ಮಾಡಿ. ಈಗಿರುವ ಬಗೆಯನ್ನು ಬದಲಿಸಬೇಕೇ ಎಂದು ಕೇಳಿದರೆ ರಿಪ್ಲೇಸ್ ಕರೆಂಟ್ ಆರಿಸಿ, ಕ್ಲೋಸ್ ಅಂಡ್ ಲೋಡ್ ಒತ್ತಿ. ಲಿಬ್ರೆ ಆಫೀಸ್ ಕ್ಯಾಲ್ಕ್ ಇನ್ನೂ ಸರಳ: ಸಿಎಸ್‌ವಿ ತೆರೆಯುವಾಗಲೇ ಅಕ್ಷರ ಸಂಕೇತವನ್ನೂ ಕಾಲಮ್ಮಿನ ಬಗೆಯನ್ನೂ ಅದು ಕೇಳುತ್ತದೆ. ಹಣ ಕೊಟ್ಟು ಎಕ್ಸೆಲ್ ಕೊಳ್ಳದ ಸಣ್ಣ ಅಂಗಡಿಗೆ ಇದೇ ಸಾಕು ಎಂಬುದು ನನ್ನ ಅಭಿಪ್ರಾಯ.

ವಿಳಾಸದ ಕಾಲಮ್ಮನ್ನೂ ಒಮ್ಮೆ ನೋಡಿ. ‘2ನೇ ಮುಖ್ಯರಸ್ತೆ, ವಿದ್ಯಾನಗರ, ದಾವಣಗೆರೆ’ ಎಂಬ ವಿಳಾಸದ ಸುತ್ತ ಜೋಡಿ ಉದ್ಧರಣ ಚಿಹ್ನೆ ಇಲ್ಲದಿದ್ದರೆ ಪ್ರತಿ ಅಲ್ಪವಿರಾಮಕ್ಕೂ ಹೊಸ ಕಾಲಮ್ ಹುಟ್ಟಿ, ಆ ಸಾಲಿನ ಪಿನ್‌ಕೋಡ್ ಬಲಕ್ಕೆ ಜರುಗಿರುತ್ತದೆ. ಪಿನ್‌ಕೋಡ್ ಇರಬೇಕಾದ ಚೌಕದಲ್ಲಿ ಊರಿನ ಹೆಸರು ಕಂಡರೆ ಕಾರಣ ಇದೇ ಇರಬಹುದು.

ಹಳೆಯ ಪಟ್ಟಿಯನ್ನು ‘ನುಡಿ’ ತಂತ್ರಾಂಶದ ಆಸ್ಕಿ ಅಕ್ಷರಗಳಲ್ಲಿ (ಯೂನಿಕೋಡ್ ಅಲ್ಲದ ಹಳೆಯ ಬಗೆ) ಬೆರಳಚ್ಚು ಮಾಡಿದ್ದರೆ ಯುಟಿಎಫ್-8 ಆರಿಸಿದರೂ ಪ್ರಯೋಜನವಿಲ್ಲ. ಅದನ್ನು ಪರಿವರ್ತಕ ತಂತ್ರಾಂಶದ ಮೂಲಕ ಮೊದಲು ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ತಿದ್ದಿದ ಮೇಲೆಯೇ ಹೊಸ ಪಟ್ಟಿಗೆ ಸೇರಿಸಬೇಕು.

ಕೆಲಸದ ಪ್ರತಿಯನ್ನು ಎಕ್ಸೆಲ್ ಕಡತವಾಗಿಯೇ ಉಳಿಸಿ. ಬೇರೆ ಸಾಫ್ಟ್‌ವೇರಿಗೆ ಸಿಎಸ್‌ವಿ ಬೇಕಾದರೆ ಸೇವ್ ಆ್ಯಸ್‌ನಲ್ಲಿ ಸಿಎಸ್‌ವಿ ಯುಟಿಎಫ್-8 ಆರಿಸಿ; ಬರೀ ಸಿಎಸ್‌ವಿ ಆರಿಸಿದರೆ ಕನ್ನಡ ಹೆಸರುಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ. ಸಾಫ್ಟ್‌ವೇರ್ ತೋರಿಸುವ ಒಟ್ಟು ಸಂಪರ್ಕಗಳಿಗೂ ಹಾಳೆಯ ಸಾಲುಗಳಿಗೂ, ಶೀರ್ಷಿಕೆಯ ಸಾಲನ್ನು ಬಿಟ್ಟು, ತಾಳೆಯಾಗುವವರೆಗೆ ಮೂಲ ಕಡತವನ್ನು ಮುಟ್ಟಬೇಡಿ. ತಾಳೆಯಾದ ಮೇಲೆ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದ ಹೆಚ್ಚುವರಿ ಪ್ರತಿಗಳನ್ನು, ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಈ ಕೆಲಸ ಮಾಡಿದ್ದರಂತೂ ತಪ್ಪದೆ, ರೀಸೈಕಲ್ ಬಿನ್‌ನಿಂದಲೂ ಅಳಿಸಿ.